ಆರಿದ್ರಾ ನಕ್ಷತ್ರ ಸಿಡಿದುಹೋದರೆ ಆರಿದ್ರಾ ಮಳೆ ಏನಾಗುತ್ತೆ?

ವಿಜ್ಞಾನಿಯೊಬ್ಬರನ್ನು ಊರಿಗೆ ಕರೆಸುತ್ತೇವೆ ಅಂದರೆ ಮೊದಲು ಹೊಂದಿಸುವುದು ಮೈಕು, ಶಾಲು, ಪ್ರೊಜೆಕ್ಟರ್. ಅವರು ಒಂದು ಗಂಟೆ ಮಾತಾಡುತ್ತಾರೆ. ಪರದೆಯ ಮೇಲೆ ಬಣ್ಣಬಣ್ಣದ ನೀಹಾರಿಕೆಗಳು ಬಂದು ಹೋಗುತ್ತವೆ. ಕೊನೆಗೆ 'ಪ್ರಶ್ನೆ ಇದ್ರೆ ಕೇಳಿ' ಅಂದಾಗ ಮುಂದಿನ ಸಾಲಿನಿಂದ ಯಾರೋ ಒಬ್ಬರು ಬ್ಲ್ಯಾಕ್ ಹೋಲ್ ಬಗ್ಗೆ ಕೇಳುತ್ತಾರೆ. ಅಷ್ಟರಲ್ಲಿ ವಂದನಾರ್ಪಣೆಗೆ ಹೊತ್ತಾಗಿರುತ್ತದೆ. ಮೈಸೂರಿನಲ್ಲಿ ಇಂಥ ಕಾರ್ಯಕ್ರಮಗಳಿಗೆ ಎಷ್ಟೋ ವರ್ಷದಿಂದ ಓಡಾಡಿದ್ದೇನೆ. ಹೊರಗೆ ಬರುವವರನ್ನು ಮಾತಾಡಿಸಿದರೆ 'ಆಕಾಶ ಎಷ್ಟು ದೊಡ್ಡದು ಅಲ್ವಾ!' ಅನ್ನುತ್ತಾರೆ. ಅವರ ಬೆರಗು ನಿಜವಾದದ್ದೇ. ಆದರೆ ಮನೆ ಮುಟ್ಟುವ ಹೊತ್ತಿಗೆ ಆ ಕೋಟಿಗಳು, ಜ್ಯೋತಿರ್ವರ್ಷಗಳು ಯಾವುದೂ ಉಳಿದಿರುವುದಿಲ್ಲ. ಇದು ನನ್ನನ್ನು ತುಂಬಾ ಕಾಡುತ್ತಿತ್ತು.

ಈ ಫೆಬ್ರವರಿಯಲ್ಲಿ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಬೇರೆ ಥರ ಮಾಡೋಣ ಅಂತ ಗೆಳೆಯರೆಲ್ಲ ಸೇರಿ ತೀರ್ಮಾನಿಸಿದೆವು. ಬೆಂಗಳೂರಿನಿಂದ ಬಂದವರು ನಕ್ಷತ್ರಗಳ ಬೆಳಕನ್ನು ಅಧ್ಯಯನ ಮಾಡುವ ಖಭೌತ ವಿಜ್ಞಾನಿ. ಹಾಸನದ ಕಡೆಯ ಹೆಣ್ಣುಮಗಳು. ತಮಿಳುನಾಡಿನ ಕಾವಲೂರಿನಲ್ಲಿ 2.3 ಮೀಟರ್ ಅಗಲದ ಕನ್ನಡಿಯ ವೈನು ಬಾಪ್ಪು ಟೆಲಿಸ್ಕೋಪ್ ಇದೆಯಲ್ಲ, ಅದರ ಜೊತೆ ರಾತ್ರಿಗಳನ್ನು ಕಳೆದವರು. ಅವರಿಗೆ ಫೋನಿನಲ್ಲೇ ಹೇಳಿದ್ದೆ. ಸ್ಲೈಡ್ ಬೇಡ, ಭಾಷಣವೂ ಬೇಡ. ಊರಿನವರು ಏನು ಕೇಳುತ್ತಾರೋ ಅದಕ್ಕೆ ಉತ್ತರ. ಪ್ರತಿ ಉತ್ತರಕ್ಕೂ ನಾನು ಪಕ್ಕದಲ್ಲಿ ಕೂತು 'ಅದು ಹೇಗೆ ಗೊತ್ತಾಯ್ತು?' ಅಂತ ಕೇಳುತ್ತೇನೆ. ಅವರು ನಕ್ಕು ಒಪ್ಪಿಕೊಂಡರು.

ಸಂಜೆ ಶಾಲೆಯ ಜಗಲಿಯಲ್ಲಿ ಜಮಖಾನ ಹಾಸಿತ್ತು. ಮಕ್ಕಳು, ಮೇಷ್ಟ್ರುಗಳು, ಗದ್ದೆಯಿಂದ ನೇರ ಬಂದವರು, ಬಿಸಿಯೂಟದ ಅಡುಗೆಯವರು ಎಲ್ಲ ಇದ್ದರು. ಮೊದಲ ಪ್ರಶ್ನೆ ಒಂಬತ್ತನೇ ತರಗತಿಯ ಹುಡುಗಿಯದು. "ಸೂರ್ಯನಲ್ಲಿ ಹೈಡ್ರೋಜನ್ ಇದೆ, ಹೀಲಿಯಂ ಇದೆ ಅಂತ ಪುಸ್ತಕದಲ್ಲಿದೆ. ಅಲ್ಲಿಗೆ ಯಾರೂ ಹೋಗಿಲ್ವಲ್ಲ ಮೇಡಂ, ಹೆಂಗೆ ಗೊತ್ತಾಯ್ತು?" ನಾನು ಕೇಳಬೇಕಾದ್ದನ್ನು ಅವಳೇ ಕೇಳಿಬಿಟ್ಟಳು.

ವಿಜ್ಞಾನಿ ಎದ್ದು ನಿಂತು, ಅಡುಗೆಮನೆ ಎಲ್ಲಿ ಅಂದರು. ಎಲ್ಲರೂ ಹಿಂದೆ ಹೋದೆವು. ಗ್ಯಾಸ್ ಒಲೆ ಹಚ್ಚಿಸಿದರು, ದೀಪ ಆರಿಸಿದರು. ನೀಲಿ ಉರಿಯ ಮೇಲೆ ಒಂದು ಚಿಟಿಕೆ ಪುಡಿ ಉಪ್ಪು ಉದುರಿಸಿದರು. ಉರಿ ಫಕ್ಕನೆ ಹಳದಿಯಾಯಿತು. ಇನ್ನೊಂದು ಚಿಟಿಕೆ, ಮತ್ತೆ ಅದೇ ಹಳದಿ. ಅಡುಗೆಯಮ್ಮ ಹಿಂದಿನಿಂದ ಹೇಳಿದರು: "ಇದ್ನ ದಿನಾ ನೋಡ್ತೀವಲ್ಲ. ಸಾರು ಉಕ್ಕಿ ಒಲೆಗೆ ಬಿದ್ರೂ ಇಂಗೇ ಆಯ್ತದೆ." ವಿಜ್ಞಾನಿ ಅವರ ಕಡೆ ತಿರುಗಿ, "ಸಾರಲ್ಲೂ ಉಪ್ಪೇ ಇರೋದು, ಅದಕ್ಕೇ" ಅಂದರು. ಉಪ್ಪಿನಲ್ಲಿರುವ ಸೋಡಿಯಂ ಕಾದಾಗ ಕೊಡುವುದು ಇದೇ ಹಳದಿಯನ್ನು. ಪ್ರತಿ ಧಾತುವಿಗೂ ಅದರದ್ದೇ ಬಣ್ಣಗಳ ಗುರುತಿದೆ, ಒಂದರದ್ದು ಇನ್ನೊಂದಕ್ಕೆ ಇಲ್ಲ.

ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. ಅವರು ತಂದಿದ್ದ ಚಿತ್ರ ಅಂದರೆ ಅದೊಂದೇ. ಸೂರ್ಯನ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ಅಚ್ಚು ಹಾಕಿದ್ದು. ಬಣ್ಣಗಳ ನಡುವೆ ಅಲ್ಲಲ್ಲಿ ಕಪ್ಪು ಗೆರೆಗಳು. ಹಳದಿಯ ಜಾಗದಲ್ಲಿ ಎರಡು ಗೆರೆ ಒತ್ತೊತ್ತಾಗಿ ಇದ್ದವು. ಒಲೆಯ ಮೇಲೆ ಉಪ್ಪು ಕೊಟ್ಟ ಹಳದಿ ಸರಿಯಾಗಿ ಅದೇ ಜಾಗಕ್ಕೆ ಸೇರಿದ್ದು. ಸೂರ್ಯನ ಹೊರಪದರದಲ್ಲಿರುವ ಸೋಡಿಯಂ ಒಳಗಿನಿಂದ ಬರುವ ಬೆಳಕಿನಲ್ಲಿ ಆ ಹಳದಿಯನ್ನು ಹೀರಿಕೊಳ್ಳುತ್ತದೆ. ಹಾಗಾಗಿ ನಮಗೆ ಆ ಜಾಗ ಕಪ್ಪಾಗಿ ಕಾಣುತ್ತದೆ. ಜರ್ಮನಿಯ ಕಿರ್ಖಾಫ್ ಮತ್ತು ಬನ್ಸೆನ್ 1859ರ ಹೊತ್ತಿಗೆ ಇದನ್ನು ಬಿಡಿಸಿದರು. ಇನ್ನು ಹೀಲಿಯಂ. 1868ರ ಆಗಸ್ಟ್ 18ರಂದು ನಮ್ಮ ದೇಶದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಆ ವರ್ಷ ಸೂರ್ಯನ ಅಂಚಿನ ಬೆಳಕಿನಲ್ಲಿ ಇನ್ನೊಂದು ಹಳದಿ ಗೆರೆ ಕಂಡಿತು. ಸೋಡಿಯಂ ಗೆರೆಯ ಹತ್ತಿರವೇ ಇತ್ತು, ಆದರೆ ಅದಲ್ಲ. ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಭೂಮಿಯ ಮೇಲೆ ಹೀಲಿಯಂ ಅನ್ನು ಬೇರ್ಪಡಿಸಿ ಕಂಡದ್ದು 1895ರಲ್ಲಿ. ಅಂದರೆ ಅದು ಸಿಕ್ಕಿದ್ದು ಮೊದಲು ಸೂರ್ಯನಲ್ಲಿ, ಆಮೇಲೆ ನಮ್ಮಲ್ಲಿ.

ಆ ಹುಡುಗಿ ಹಾಳೆಯನ್ನು ಕೈಯಿಂದ ಬಿಡಲಿಲ್ಲ. ಎರಡು ಕಪ್ಪು ಗೆರೆಗಳ ಮೇಲೆ ಉಗುರಿಟ್ಟು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದಳು.

ಮಧ್ಯೆ ರಾಶಿ ಭವಿಷ್ಯದ ಪ್ರಶ್ನೆಯೂ ಬಂತು, ಅನ್ಯಗ್ರಹ ಜೀವಿಗಳದ್ದೂ ಬಂತು. ತಾವು ಅಳೆದು ನೋಡಿದ್ದನ್ನು ಮಾತ್ರ ಹೇಳಬಲ್ಲೆ ಅಂದು ವಿಜ್ಞಾನಿ ಚಿಕ್ಕದಾಗಿ ಉತ್ತರಿಸಿದರು.

ಎಂಟೂವರೆ ಹೊತ್ತಿಗೆ ಬಯಲಿಗೆ ಬಂದೆವು. ಬೀದಿ ದೀಪ ಆರಿಸಲು ಪಂಚಾಯಿತಿಯವರಿಗೆ ಮೊದಲೇ ಹೇಳಿದ್ದೆವು. ಎಲ್ಲಿಂದಲೋ ಆಲೆಮನೆಯ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ನೆತ್ತಿಗೆ ಸಮೀಪ ಒಂದು ಕೆಂಪು ಚುಕ್ಕೆ. ವಿಜ್ಞಾನಿ ಅದನ್ನು ತೋರಿಸಿ, "ಇದು ಬೀಟಲ್‌ಜ್ಯೂಸ್. ನಮ್ಮ ಆರಿದ್ರಾ" ಅಂದರು. ಗುಂಪಿನಲ್ಲಿ ಗುಜುಗುಜು ಶುರುವಾಯಿತು. ಆರಿದ್ರಾ ಅಂದರೆ ಮಂಡ್ಯದ ಕಡೆ ಯಾರಿಗೆ ಗೊತ್ತಿಲ್ಲ? 'ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ' ಅನ್ನೋ ಮಾತು ಕೇಳಿಕೊಂಡೇ ಬೆಳೆದವರು ನಾವು. ಆದರೆ ಆ ಮಳೆಯ ಹೆಸರಿನ ನಕ್ಷತ್ರ ಇದು ಅಂತ ಬೊಟ್ಟು ಮಾಡಿ ತೋರಿಸಿದ್ದನ್ನು ಅಲ್ಲಿ ಬಹಳ ಜನ ನೋಡಿರಲಿಲ್ಲ.

ಒಬ್ಬೊಬ್ಬರಾಗಿ ಕೇಳತೊಡಗಿದರು. ಯಾಕೆ ಕೆಂಪು? ಮೇಲ್ಮೈಯ ಬಿಸಿ ಕಡಿಮೆ, ಸುಮಾರು 3,300 ಡಿಗ್ರಿ ಸೆಲ್ಸಿಯಸ್. ಸೂರ್ಯನದ್ದು 5,500. ಹೇಗೆ ಗೊತ್ತು? ಬಣ್ಣದಿಂದ, ಮತ್ತೆ ಅದೇ ಗೆರೆಗಳಿಂದ. ಯಾವ ಗೆರೆ ಎಷ್ಟು ಗಾಢವಾಗಿದೆ ಅಂತ ನೋಡಿ ಬಿಸಿಯನ್ನು ಲೆಕ್ಕ ಹಾಕಲು ದಾರಿ ತೋರಿಸಿದ್ದು ನಮ್ಮ ಮೇಘನಾದ ಸಹಾ, 1920ರಲ್ಲಿ. ಎಷ್ಟು ದೊಡ್ಡದು? ಸೂರ್ಯನ ಜಾಗದಲ್ಲಿ ಇಟ್ಟರೆ ಭೂಮಿ, ಮಂಗಳ ಎರಡೂ ಅದರ ಹೊಟ್ಟೆಯೊಳಗೆ.

ದೂರ ಕೇಳಿದಾಗ ಅವರು ಹೇಳಿದ ರೀತಿ ನನಗೆ ಬಹಳ ಹಿಡಿಸಿತು. "500ರಿಂದ 700 ಜ್ಯೋತಿರ್ವರ್ಷ, ಅಂದರೆ ಬೆಳಕೇ ಅಷ್ಟು ವರ್ಷ ಓಡಬೇಕಾದ ದೂರ. ಇದಕ್ಕಿಂತ ನಿಖರವಾಗಿ ಹೇಳೋದು ನಮಗೇ ಕಷ್ಟ" ಅಂದರು. ಕಾರಣವನ್ನೂ ಹೇಳಿದರು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಆಕಾಶದಲ್ಲಿ ಒಂಚೂರು ಜರುಗಿದಂತೆ ಕಾಣುತ್ತದೆ, ಅದನ್ನು ಅಳೆದರೆ ದೂರ ಸಿಗುತ್ತದೆ. ಆರಿದ್ರಾದ ಮೇಲ್ಮೈ ಸದಾ ಕುದಿಯುತ್ತಿರುವುದರಿಂದ ಅದರ ಬೆಳಕಿನ ನಡುಬಿಂದುವೇ ಅಲುಗಾಡುತ್ತದೆ, ಅಳತೆ ಕೆಡುತ್ತದೆ. ಒಂದೇ ಸಂಖ್ಯೆ ಹೇಳಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಜನರಿಗೆ ಇದೆಲ್ಲ ಅರ್ಥವಾಗಲ್ಲ, ಗೊಂದಲ ಆಗುತ್ತೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ನಾನು ಅಲ್ಲಿ ಕಂಡದ್ದು ಅದಲ್ಲ. ಅಳತೆಯ ಕಷ್ಟ ಕೇಳಿದ ಮೇಲೆ ಜನ ಇನ್ನೂ ಹತ್ತಿರಕ್ಕೆ ಜರುಗಿ ಕೂತರು.

ಅದು ಸಿಡಿಯುತ್ತಂತೆ, ಹೌದಾ ಅಂತ ಮೇಷ್ಟ್ರು ಕೇಳಿದರು. ಹೌದು. ನಾಳೆಯೇ ಅಂತಲ್ಲ, ಮುಂದಿನ ಒಂದು ಲಕ್ಷ ವರ್ಷದೊಳಗೆ. 2019ರ ಕೊನೆಯಲ್ಲಿ ಅದು ತೀರಾ ಮಂಕಾದಾಗ ಸಿಡಿಯೋ ಹೊತ್ತು ಬಂತಾ ಅಂತ ಲೋಕವೆಲ್ಲ ಮಾತಾಡಿತ್ತು. ಆಮೇಲೆ ನೋಡಿದರೆ ಅದೇ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ಅಡ್ಡ ಬಂದಿತ್ತು. ಸಿಡಿದಾಗ ಹಗಲಲ್ಲೂ ಕಾಣುವಷ್ಟು ಹೊಳೆಯುತ್ತದೆ. ದೂರ ಜಾಸ್ತಿ ಇರುವುದರಿಂದ ನಮಗೇನೂ ಅಪಾಯವಿಲ್ಲ.

ಆಗ ಒಬ್ಬ ಅಜ್ಜಿ ಕೇಳಿದರು. "ಅಲ್ಲ ಕನವ್ವಾ, ಆ ಚುಕ್ಕಿ ಸಿಡ್ದೋದ್ರೆ ಆರಿದ್ರಾ ಮಳೆ ಏನಾಯ್ತದೆ?"

ಯಾರೂ ನಗಲಿಲ್ಲ. ವಿಜ್ಞಾನಿ ಅಜ್ಜಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ನನ್ನ ಮಟ್ಟಿಗೆ ಆ ರಾತ್ರಿಯ ತಿರುಳು ಇದು. ಮಳೆ ನಕ್ಷತ್ರ ಅಂದರೆ ರಾತ್ರಿ ಕಾಣುವ ನಕ್ಷತ್ರವಲ್ಲ. ಸೂರ್ಯ ಸಾಗುವ ದಾರಿಯನ್ನು ನಮ್ಮ ಹಿರಿಯರು 27 ಪಾಲು ಮಾಡಿದರು. ಒಂದೊಂದರಲ್ಲಿ ಸೂರ್ಯ 13-14 ದಿನ ಇರುತ್ತಾನೆ. ಜೂನ್ 21-22ಕ್ಕೆ ಆರಿದ್ರಾ ಪಾಲಿಗೆ ಬರುತ್ತಾನೆ. ಆಗ ಈ ಕೆಂಪು ನಕ್ಷತ್ರ ಹಗಲೆಲ್ಲ ಸೂರ್ಯನ ಜೊತೆಯಲ್ಲೇ ಹುಟ್ಟಿ ಮುಳುಗುತ್ತದೆ, ನಮಗೆ ಕಾಣುವುದೇ ಇಲ್ಲ. "ನಕ್ಷತ್ರ ಹೋದರೂ ಆ ಜಾಗ ಇದ್ದೇ ಇರುತ್ತೆ ಅಜ್ಜಿ. ಸೂರ್ಯ ಅಲ್ಲಿಗೆ ಬಂದೇ ಬರ್ತಾನೆ. ಮಳೆ ತರೋದು ಸೂರ್ಯನ ಕಾವು, ಸಮುದ್ರದ ಗಾಳಿ."

"ಮತ್ತೆ ನಮ್ಮಪ್ಪನ ಕಾಲದಂಗೆ ಈಗ್ಯಾಕೆ ಮಳೆ ಬರಾಕಿಲ್ಲ?" ಅಂತ ಹಿರಿಯ ರೈತರೊಬ್ಬರು ಕೇಳಿದರು. ವಿಜ್ಞಾನಿ ತಕ್ಷಣ ಉತ್ತರ ಕೊಡಲಿಲ್ಲ. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುತ್ತೀರಲ್ಲ, ಅದು ಯಾವತ್ತು ಅಂದರು. ಜನವರಿ 14, ಇಲ್ಲ 15. ಆದರೆ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದವು. ಭೂಮಿಯ ಅಕ್ಷ ವೇಗ ಇಳಿದ ಬುಗುರಿಯಂತೆ ನಿಧಾನವಾಗಿ ವಾಲುತ್ತಾ ತಿರುಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ 71 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನ ಅಂತರ ಬೀಳುತ್ತದೆ. ಆರಿದ್ರಾ ಮಳೆಯ ತಾರೀಕೂ ಹಾಗೇ ಮುಂದಕ್ಕೆ ಜರುಗುತ್ತಾ ಬಂದಿದೆ.

"ಅದಕ್ಕೇ ಮಳೆ ಕೈಕೊಡ್ತಾ ಐತೆ ಅನ್ನಿ" ಅಂದರು ಆ ರೈತರು. ಸುತ್ತಲಿದ್ದವರೂ ತಲೆಯಾಡಿಸಿದರು. ವಿಜ್ಞಾನಿ ಸುಮ್ನೆ ಇದ್ದಿದ್ದರೆ ಎಲ್ಲರೂ ಆ ಉತ್ತರವನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ಕೇಳಲು ಚೆಂದದ ಉತ್ತರ, ಆದರೆ ತಪ್ಪು. ಅವರು ಸುಮ್ಮನಿರಲಿಲ್ಲ. "ಇಲ್ಲ. ನಿಮ್ಮಪ್ಪನ ಕಾಲದಿಂದ ಇಲ್ಲಿಗೆ ಜರುಗಿರೋದು ಹೆಚ್ಚೆಂದರೆ ಒಂದು ದಿನ. ಒಂದು ದಿನಕ್ಕೆ ಬೆಳೆ ಹಾಳಾಗಲ್ಲ. ಈಗ ಮಳೆ ಹೆಚ್ಚುಕಮ್ಮಿ ಆಗ್ತಿರೋದಕ್ಕೆ ಕಾರಣ ಬೇರೆ, ಗಾಳಿ ಮತ್ತು ಸಮುದ್ರ ಬಿಸಿಯಾಗ್ತಿರೋದೂ ಅದರಲ್ಲೊಂದು. ಅದನ್ನ ಹವಾಮಾನ ಓದಿದವರ ಹತ್ತಿರ ಕೇಳಬೇಕು." ರೈತರು ಸ್ವಲ್ಪ ಹೊತ್ತು ಯೋಚಿಸಿ, ಎಪ್ಪತ್ತು ವರ್ಷಕ್ಕೆ ಒಂದು ದಿನ ಅಂತ ಬೆರಳೆಣಿಸಿ, "ಸರಿ, ಅಂಗಾದ್ರೆ ಅದಲ್ಲ ಬಿಡಿ" ಅಂದರು. ತಾವೇ ಲೆಕ್ಕ ಹಾಕಿ ತಾವೇ ಬಿಟ್ಟರು. ವಿಜ್ಞಾನಿಗಳ ಜೊತೆ ಮಾತುಕತೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಈ ಘಟನೆಯನ್ನೇ ಹೇಳುತ್ತೇನೆ. ಭಾಷಣದಲ್ಲಿ ಇದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಹೊರಡುವ ಮುಂಚೆ ಆ ಹುಡುಗಿ ಮತ್ತೆ ಬಂದಳು. ಹಗಲಲ್ಲಿ ಸೂರ್ಯನ ಜೊತೆ ನಕ್ಷತ್ರ ಇರುತ್ತೆ ಅಂದಿರಿ, ಕಾಣಲ್ಲ ಅಂತಲೂ ಅಂದಿರಿ, ನಂಬೋದು ಹೇಗೆ? ವಿಜ್ಞಾನಿಯ ಮುಖ ಅರಳಿತು. 1995ರ ಡಿಸೆಂಬರಿನಲ್ಲಿ ಹಾರಿಸಿದ ಸೋಹೋ ಅನ್ನೋ ವ್ಯೋಮನೌಕೆ ಇದೆ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಅದರ ಒಂದು ಕ್ಯಾಮೆರಾದಲ್ಲಿ ಸೂರ್ಯನ ಬಿಂಬಕ್ಕೆ ಅಡ್ಡ ತಟ್ಟೆ ಇಟ್ಟು ಸುತ್ತಲಿನದ್ದನ್ನು ಮಾತ್ರ ಚಿತ್ರ ತೆಗೆಯುತ್ತಾರೆ. ಆರಿದ್ರಾ ಸೂರ್ಯನ ದಾರಿಯಿಂದ ದೂರ ಇರುವುದರಿಂದ ಆ ಚಿತ್ರದಲ್ಲಿ ಸಿಗುವುದಿಲ್ಲ. ಕೃತ್ತಿಕೆ ಸಿಗುತ್ತದೆ. ಪ್ರತಿ ಮೇ ತಿಂಗಳಲ್ಲಿ, ನಮ್ಮಲ್ಲಿ ಕೃತ್ತಿಕಾ ಮಳೆ ನಡೆಯುತ್ತಿರುವಾಗ, ಆ ನಕ್ಷತ್ರಗಳ ಗುಂಪು ಸೂರ್ಯನ ಪಕ್ಕದಲ್ಲಿ ಹಾದುಹೋಗುವುದು ಅದರಲ್ಲಿ ಕಾಣುತ್ತದೆ. ಚಿತ್ರಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.

ಮೇ ತಿಂಗಳಲ್ಲಿ ಮತ್ತೆ ಸೇರೋಣ ಅಂತ ಅಲ್ಲೇ ನಿಂತು ಗೊತ್ತು ಮಾಡಿದೆವು. ಶಾಲೆಗೆ ರಜ ಇರುತ್ತದೆ, ಬೀಗದ ಕೈ ನಾನು ಕೊಡ್ತೀನಿ ಅಂದರು ಮೇಷ್ಟ್ರು. ಅಜ್ಜಿ ತಮ್ಮ ಮೊಮ್ಮಗನಿಗೆ ಒಂಟಿಕೊಪ್ಪಲ್ ಪಂಚಾಂಗ ನೋಡಿ ಕೃತ್ತಿಕಾ ಮಳೆ ಹುಟ್ಟುವ ತಾರೀಕು ಬರೆದಿಡಲು ಹೇಳಿದರು. ವಿಜ್ಞಾನಿಯೂ ತಮ್ಮ ಫೋನಿನಲ್ಲಿ ಅದೇ ವಾರಕ್ಕೆ ಗುರುತು ಹಾಕಿಕೊಂಡರು.