ಕೃತ, ಕಾರಿತ, ಅನುಮೋದಿತ: ಒಂದು ಅಡಿಕೆ ಕೊಯ್ಲಿನ ಲೆಕ್ಕ

ವಿಜಯದಶಮಿಯ ಮಾರನೆಯ ದಿನ ಈ ಸಲದ ಕೊಯ್ಲಿಗೆಂದು ಹೊಸ ಲೆಕ್ಕದ ಪುಸ್ತಕ ತೆಗೆದೆ. ಎಡಗಡೆಯ ಪುಟದಲ್ಲಿ ಎಂದಿನಂತೆ ಕೊನೆ (ಅಡಿಕೆ ಗೊನೆ) ತೆಗೆದವರ, ಹೊತ್ತವರ, ಸುಲಿದವರ ಹೆಸರು ಮತ್ತು ಕೂಲಿ. ಬಲಗಡೆಯ ಪುಟಕ್ಕೆ ಗೆರೆ ಎಳೆದು ಮೂರು ಕಾಲಂ ಮಾಡಿದೆ: ಕೃತ, ಕಾರಿತ, ಅನುಮೋದಿತ.

ನಾಲ್ಕು ವರ್ಷದಿಂದ ತೀರ್ಥಹಳ್ಳಿಗೆ ಆಸನದ ತರಗತಿಗೆ ಹೋಗುತ್ತಿದ್ದೇನೆ. ಸೊಂಟದ ನೋವು ಹೋಯಿತು, ನಿದ್ದೆ ಬಂತು. ಆದರೆ ಪ್ರತಿ ವರ್ಷ ಕೊಯ್ಲು ಶುರುವಾದ ಕೂಡಲೇ ಚಾಪೆ ಸುತ್ತಿ ಮೂಲೆಗಿಡುತ್ತಿದ್ದೆ. ಅದರೊಂದಿಗೆ ತಾಳ್ಮೆಯೂ ಮೂಲೆ ಸೇರುತ್ತಿತ್ತು. ಈ ಸಲ ಆಸನವನ್ನು ಬದಿಗಿಟ್ಟು, ಅಹಿಂಸೆ, ಸತ್ಯ ಮೊದಲಾದ ವ್ರತಗಳಾದ ಯಮಗಳನ್ನಷ್ಟೇ ಹಿಡಿಯೋಣ, ಅದೂ ಕೊಯ್ಲಿನ ನಾಲ್ಕು ತಿಂಗಳಲ್ಲೇ ಹಿಡಿಯೋಣ ಎಂದು ನಿಶ್ಚಯಿಸಿದೆ. ಪತಂಜಲಿಯ ಯೋಗಸೂತ್ರದ ಎರಡನೆಯ ಭಾಗವಾದ ಸಾಧನಪಾದದಲ್ಲಿ ಯಮಗಳ ಹೆಸರು ಬರುವುದು ಮೂವತ್ತನೆಯ ಸೂತ್ರದಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂವತ್ನಾಲ್ಕನೆಯದು. ಹಿಂಸೆ ಮೊದಲಾದವು ಮೂರು ಬಗೆ ಎನ್ನುತ್ತದೆ ಅದು: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಲೋಭ, ಕ್ರೋಧ, ಮೋಹ ಎಂಬ ಮೂರು ಕಾರಣಗಳಿಂದ ಗುಣಿಸಿದರೆ ಒಂಬತ್ತು, ಮೃದು, ಮಧ್ಯ, ತೀವ್ರ ಎಂದು ಮತ್ತೆ ಗುಣಿಸಿದರೆ 27. ಸೂತ್ರಗಳಿಗೆ ಬರೆದ ವಿವರಣೆಯಾದ ವ್ಯಾಸಭಾಷ್ಯ ಅದನ್ನು ಇನ್ನೂ ಒಡೆದು 81ಕ್ಕೆ ಒಯ್ಯುತ್ತದೆ. ಅಷ್ಟು ಕಾಲಂ ನನ್ನ ಪುಸ್ತಕದಲ್ಲಿ ಹಿಡಿಯುವುದಿಲ್ಲ. ಮೂರು ಸಾಕೆನಿಸಿತು.

ಮೊದಲ ಎರಡು ವಾರ

'ಕೃತ' ಕಾಲಂನಲ್ಲಿ ಮಾತ್ರ ಬರೆಯುತ್ತಿದ್ದೆ. ಕೊನೆ ಹೊತ್ತು ತರುವುದು ತಡವಾಯಿತೆಂದು ರೇಗಿದ್ದು, ಅತ್ತೆಗೆ ಕೊಟ್ಟ ಒರಟು ಉತ್ತರ, ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಹಸಿ ಸೌದೆ ತುಂಬಿದವನಿಗೆ ನಾಲ್ಕು ಜನರ ಮುಂದೆ ಬೈದದ್ದು. ಕಾರಣದ ಜಾಗದಲ್ಲಿ ಹೆಚ್ಚಾಗಿ ಕ್ರೋಧ. ಉಳಿದ ಎರಡು ಕಾಲಂ ಬಿಳಿಯಾಗಿಯೇ ಇದ್ದವು.

ನಾಲ್ಕನೆಯ ವಾರ, ಮಳೆ

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದರೆ ಇಲ್ಲಿ ನಮ್ಮ ಎದೆ ಕುಸಿಯುತ್ತದೆ. ಬೇಯಿಸಿದ ಅಡಿಕೆ ಬಯಲಿನ ಒಣಗಿಸುವ ಅಟ್ಟದ ಮೇಲಿದೆ, ಇನ್ನೂ ಮೂರು ಬಿಸಿಲು ಬೇಕು. ರಾತ್ರಿ ಎರಡು ಗಂಟೆಗೆ ಹನಿ ಬಿತ್ತು. ಟಾರ್ಪಾಲು ಹೊದಿಸಬೇಕಾದ ಹುಡುಗ ಚಪ್ಪರದಡಿ ನಿದ್ದೆಯಲ್ಲಿದ್ದ. ನಾನು ಕೂಗಿದ ಕೂಗಿಗೆ ಅತ್ತೆಯೂ ಎದ್ದು ಬಂದರು. ಹುಡುಗ ದಿಕ್ಕು ತೋಚದೆ ಟಾರ್ಪಾಲನ್ನು ತಲೆಕೆಳಗು ಎಳೆದ; ಅದರ ಮಡಿಕೆಯಲ್ಲಿ ನಿಂತಿದ್ದ ನೀರೆಲ್ಲ ಅಡಿಕೆಯ ಮೇಲೆಯೇ ಸುರಿಯಿತು.

ಇಂಥ ಹೊತ್ತಿಗೆ ಪತಂಜಲಿ ಹೇಳುವ ಮದ್ದು ಪ್ರತಿಪಕ್ಷಭಾವನೆ, ವಿರುದ್ಧವಾದ ಭಾವವನ್ನು ಮನಸ್ಸಿಗೆ ತಂದುಕೊಳ್ಳುವುದು. ಬಿಟ್ಟೆನೆಂದ ದೋಷವನ್ನೇ ಮತ್ತೆ ಹಿಡಿಯುವವನು ಕಾರಿದ್ದನ್ನು ನೆಕ್ಕುವ ನಾಯಿಯಂತೆ ಎಂದು ಭಾಷ್ಯಕಾರರು ಬಿರುಸಾಗಿ ಹೇಳಿದ್ದಾರೆ. ಕುಳಿತು ಓದುವಾಗ ಮನಸ್ಸಿಗೆ ನಾಟುತ್ತದೆ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನಿಂತಾಗ ಯಾವ ಭಾವನೆಯೂ ಬರುವುದಿಲ್ಲ ಎಂದು ಕಂಡುಕೊಂಡೆ. ಹಾಗಾಗಿ ಅದನ್ನು ಕೈಗೆ ಒಪ್ಪಿಸಿದೆ: ಬಾಯಿ ತೆರೆಯುವ ಮೊದಲು ಟಾರ್ಪಾಲಿನ ಒಂದು ತುದಿಯನ್ನು ನಾನೇ ಹಿಡಿಯಬೇಕು. ಹತ್ತು ದಿನ ಬಿಟ್ಟು ಮತ್ತೆ ಮಳೆ ಬಂತು. ತುದಿ ಹಿಡಿದೆ. ಇನ್ನೊಂದು ತುದಿಯಲ್ಲಿ ಅದೇ ಹುಡುಗ. ಹೊದಿಸಿ, ಕಲ್ಲು ಹೇರಿ ಮುಗಿಸುವಷ್ಟರಲ್ಲಿ ಬೈಯಬೇಕಾದ ಮಾತು ನೆನಪಿಗೇ ಬರಲಿಲ್ಲ. ಆ ದಿನದ ಪುಟ ಖಾಲಿ.

ಆರನೆಯ ವಾರ, ತಕ್ಕಡಿ

ಇದನ್ನು ವಿವರವಾಗಿ ಬರೆಯಬೇಕು.

ಸಂಜೆ ಏಳಕ್ಕೆ ಅಂಗಳದಲ್ಲಿ ಸುಲಿಯುವವರು ಕೂರುತ್ತಾರೆ. ಹತ್ತು ಮೆಟ್ಟುಗತ್ತಿ, ಹತ್ತು ಬುಟ್ಟಿ. ಹಸಿ ಅಡಿಕೆಯ ರಸಕ್ಕೆ ಬೆರಳುಗಳು ಕಪ್ಪಾಗಿ, ಕೊಯ್ಲು ಮುಗಿದು ತಿಂಗಳಾದರೂ ಬಣ್ಣ ಬಿಡುವುದಿಲ್ಲ. ಸುಲಿದದ್ದನ್ನು ತೂಗಿ, ಕೆ.ಜಿ. ಲೆಕ್ಕದಲ್ಲಿ ಕೂಲಿ. ತೂಗಿ ಬರೆಯುವವನು ಮೈದುನನ ಮಗ. ಆ ರಾತ್ರಿ ಕಾಫಿ ಕೊಡಲು ಹೋದವಳು ಅವನ ಹಿಂದೆ ನಿಂತಿದ್ದೆ. ತಕ್ಕಡಿಯಲ್ಲಿ 12 ಕೆ.ಜಿ. 700 ಗ್ರಾಂ. ಪುಸ್ತಕದಲ್ಲಿ 12. ಮುಂದಿನವರದು 9 ಕೆ.ಜಿ. 400, ಬರೆದದ್ದು 9.

ಅವನನ್ನು ಒಳಗೆ ಕರೆದು ಕೇಳಿದೆ. "ಸಿಪ್ಪೆಯ ಚೂರು ಇರುತ್ತದೆ, ನೀರಿನ ಅಂಶ ಇರುತ್ತದೆ ದೊಡ್ಡಮ್ಮಾ. ಅಪ್ಪನ ಕಾಲದಿಂದಲೂ ಹೀಗೆಯೇ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಗ್ರಾಂ ಬಿಡುವುದನ್ನು ಮೊದಲ ವರ್ಷವೇ ನೋಡಿದ್ದೆ. ಒಮ್ಮೆಯೂ ಕೇಳಿರಲಿಲ್ಲ. ಪುಸ್ತಕದಲ್ಲಿ ಲೆಕ್ಕ ಹಾಕಿದೆ: ಒಬ್ಬರಿಗೆ ರಾತ್ರಿಗೆ ಸರಾಸರಿ 300 ಗ್ರಾಂ ಎಂದರೂ ಹತ್ತು ಜನರಿಗೆ 3 ಕೆ.ಜಿ., ನಲವತ್ತು ರಾತ್ರಿಗೆ 120 ಕೆ.ಜಿ. ಅಷ್ಟು ಅಡಿಕೆಯನ್ನು ಪ್ರತಿ ವರ್ಷ ಕೂಲಿಯಿಲ್ಲದೆ ಸುಲಿಸಿಕೊಂಡಿದ್ದೇವೆ. ಅಸ್ತೇಯವೆಂದರೆ ಕದಿಯದಿರುವುದು. ನನ್ನ ಕೈ ಯಾವತ್ತೂ ತಕ್ಕಡಿ ಮುಟ್ಟಿಲ್ಲ, ಆದರೆ ಮೂರನೆಯ ಕಾಲಂ ಇರುವುದೇ ಇದಕ್ಕಾಗಿ. ಅನುಮೋದಿತ, ಕಾರಣ ಲೋಭ. ಮೃದುವೋ ಮಧ್ಯವೋ ಎಂದು ಬಹಳ ಹೊತ್ತು ಯೋಚಿಸಿ 'ತೀವ್ರ' ಎಂದು ಬರೆದೆ, ಇಪ್ಪತ್ತೆಂಟು ವರ್ಷದ್ದಲ್ಲವೇ.

ಮರುದಿನದಿಂದ ಗ್ರಾಂ ಸಮೇತ ಬರೆಯುತ್ತಿದ್ದೇವೆ. ತಕ್ಕಡಿಯ ಅಂಕಿ ಕಾಣುವ ಮುಖವನ್ನು ಸುಲಿಯುವವರ ಕಡೆಗೆ ತಿರುಗಿಸಿ ಇಟ್ಟಿದ್ದೇವೆ. ಹಿಂದಿನ ಐದು ವಾರದ ನಿಜವಾದ ತೂಕ ಎಲ್ಲಿಯೂ ಬರೆದಿಲ್ಲ. ಆದ್ದರಿಂದ ಒಬ್ಬೊಬ್ಬರಿಗೆ ರಾತ್ರಿಗೆ ಅರ್ಧ ಕೆ.ಜಿ.ಯಂತೆ ಹಿಡಿದು ಹಣ ಕೊಟ್ಟೆ. ಎಲ್ಲರಿಗಿಂತ ಹಿರಿಯರಾದ ಅಕ್ಕ ನೋಟನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ, "ನಮಗೂ ಗೊತ್ತಿತ್ತು ಅಮ್ಮಾ. ನೀವು ಎಂದಾದರೂ ಕೇಳುತ್ತೀರೇನೋ ಎಂದುಕೊಂಡಿದ್ದೆವು" ಎಂದರು. ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಮೂರನೆಯ ಕಾಲಂ ತುಂಬತೊಡಗಿತು. ಈಗ ನೋಡಿದರೆ ಮೊದಲಿನ ಎರಡಕ್ಕಿಂತ ಉದ್ದವಾಗಿ ಅದೇ ಬೆಳೆದಿದೆ.

ಒಂಬತ್ತನೆಯ ವಾರ, ಮೂಟೆಗಳು

ಕಳೆದ ವರ್ಷದ ರಾಶಿ ಅಡಿಕೆ ಎಂಟು ಮೂಟೆ ಉಗ್ರಾಣದಲ್ಲಿತ್ತು. ಧಾರಣೆ ಏರಲಿ ಎಂದು ಕಾಯುತ್ತಿದ್ದೆ. ಅಪರಿಗ್ರಹಕ್ಕೆ, ಅಂದರೆ ಕೂಡಿಡದಿರುವುದಕ್ಕೆ, ಕಾರಣವಾಗಿ ಭಾಷ್ಯ ಹೇಳುವ ಐದು ದೋಷಗಳನ್ನು ಆ ಮೂಟೆಗಳ ಪಕ್ಕದಲ್ಲೇ ಕುಳಿತು ಓದಿದೆ: ಅರ್ಜನ, ರಕ್ಷಣ, ಕ್ಷಯ, ಸಂಗ, ಹಿಂಸೆ. ಗಳಿಸಿದ ಕಷ್ಟ ಸರಿ. ರಕ್ಷಣೆ ಎಂದರೆ ನಾಯಿ ಬೊಗಳಿದಾಗಲೆಲ್ಲ ಎದ್ದು ಕೂರುವುದು. ಕ್ಷಯ, ಹುಳು ಹಿಡಿಯುವುದು. ಸಂಗ, ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಮೊಬೈಲ್‌ನಲ್ಲಿ ಶಿವಮೊಗ್ಗ ಮಾರುಕಟ್ಟೆಯ ಧಾರಣೆ ನೋಡುವುದು. ಇವೆಲ್ಲ ಒಪ್ಪಿಗೆಯಾದವು. ಹಿಂಸೆ ಎಲ್ಲಿಂದ ಬಂತು ಎಂದು ಮಾತ್ರ ಹೊಳೆಯಲಿಲ್ಲ. ಎಡಗಡೆಯ ಪುಟ ತಿರುವಿದಾಗ ಸಿಕ್ಕಿತು: ಮೂರು ಜನರ ಹೆಸರಿನ ಮುಂದೆ 'ಬಾಕಿ'. "ಅಡಿಕೆ ಕೊಟ್ಟ ಮೇಲೆ ಕೊಡುತ್ತೇನೆ" ಎಂದು ನಾನೇ ಹೇಳಿದ್ದೆ.

ಐದು ಮೂಟೆಯನ್ನು ಅದೇ ವಾರ ಮಂಡಿಗೆ ಕಳುಹಿಸಿ ಬಾಕಿ ತೀರಿಸಿದೆ. ಮೂರು ಮೂಟೆ ಮಗಳ ಶುಲ್ಕಕ್ಕೆಂದು ಉಳಿದಿದೆ. ಅದು ಪರಿಗ್ರಹವೋ ಕರ್ತವ್ಯವೋ, ಇನ್ನೂ ತೀರ್ಮಾನವಾಗಿಲ್ಲ.

ಹನ್ನೊಂದನೆಯ ವಾರ

ಸತ್ಯದ ವಿಷಯದಲ್ಲಿ ಬರೆಯುವಷ್ಟು ಪ್ರಗತಿಯಿಲ್ಲ.

ಹದಿಮೂರನೆಯ ವಾರ, ಮೀನು

ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮೇಲೆ ಮನೆಯವರೆಲ್ಲ ಶೃಂಗೇರಿಗೆ ಹೋಗಿದ್ದೆವು. ತುಂಗೆಯ ಮೆಟ್ಟಿಲಿನಲ್ಲಿ ಕುಳಿತು ಮಂಡಕ್ಕಿ ಹಾಕಿದರೆ ತೋಳುದ್ದದ ಮೀನುಗಳು ಒಂದರ ಮೇಲೊಂದು ಏರಿ ಬಂದವು. ಕಪ್ಪು ಬೆನ್ನು ನೀರಿನಿಂದ ಮೇಲೆದ್ದು ಹೊಳೆಯುತ್ತಿತ್ತು, ಬಾಯಿ ತೆರೆದು ಮುಚ್ಚುವ ಸದ್ದೂ ಕೇಳುತ್ತಿತ್ತು. ಮೈದುನನ ಮಗ, "ಇದೇ ಹೊಳೆ ತಾನೇ ನಮ್ಮೂರಿಗೆ ಬರುವುದು? ಅಲ್ಲಿ ಇಷ್ಟು ಹತ್ತಿರ ಬರುತ್ತವೆಯೇ ದೊಡ್ಡಮ್ಮಾ?" ಎಂದ.

ನಾವು ಮೀನು ತಿನ್ನುವ ಮನೆಯವರು. ಸೋಮವಾರ ತಿನ್ನುವುದಿಲ್ಲ, ಹಬ್ಬದ ದಿನ ತಿನ್ನುವುದಿಲ್ಲ, ಶೃಂಗೇರಿಯ ಮೀನನ್ನು ಮುಟ್ಟುವ ಯೋಚನೆಯೂ ಬರುವುದಿಲ್ಲ. ಇದನ್ನೆಲ್ಲ ಅಹಿಂಸೆಯ ಖಾತೆಗೇ ಜಮಾ ಮಾಡಿಕೊಂಡಿದ್ದೆ. ಮನೆಗೆ ಬಂದು ಮೂವತ್ತೊಂದನೆಯ ಸೂತ್ರದ ಭಾಷ್ಯ ತೆಗೆದರೆ ಅಲ್ಲಿಯ ಮೊದಲ ಉದಾಹರಣೆಯೇ ಬೆಸ್ತನದು. ಮೀನನ್ನಲ್ಲದೆ ಬೇರೇನನ್ನೂ ಕೊಲ್ಲುವುದಿಲ್ಲ ಎಂಬುದು ಜಾತಿಗೆ ಕಟ್ಟುಬಿದ್ದ ಅಹಿಂಸೆ. ತೀರ್ಥಕ್ಷೇತ್ರದಲ್ಲಿ ಕೊಲ್ಲುವುದಿಲ್ಲ ಎಂಬುದು ದೇಶಕ್ಕೆ (ಸ್ಥಳಕ್ಕೆ), ಚತುರ್ದಶಿಯಂದು ಕೊಲ್ಲುವುದಿಲ್ಲ ಎಂಬುದು ಕಾಲಕ್ಕೆ ಕಟ್ಟುಬಿದ್ದದ್ದು. ಈ ಯಾವ ಕಟ್ಟೂ ಇಲ್ಲದಿದ್ದಾಗಲೇ ಅದು ಮಹಾವ್ರತ. 'ಕೊಯ್ಲು ಮುಗಿಯಲಿ' ಎಂದು ಪ್ರತಿ ವರ್ಷ ಚಾಪೆ ಸುತ್ತುತ್ತಿದ್ದ ನನ್ನ ಮಾತೂ ಕಾಲದ ಆ ಸಾಲಿಗೇ ಸೇರುತ್ತದೆ.

ಹದಿನೇಳನೆಯ ವಾರ

ಕೊಯ್ಲು ಮುಗಿಯಿತು. ಹಂಡೆ ತೊಳೆದು ಕವುಚಿ ಇಟ್ಟಾಗಿದೆ. ಪುಸ್ತಕದಲ್ಲಿ ಬಲಗಡೆಯ ಪುಟಗಳು ಇನ್ನೂ ಉಳಿದಿವೆ. ಎಡಗಡೆ ಕೂಲಿ ಇಲ್ಲದಿದ್ದರೂ ಬಲಗಡೆ ಬರೆಯುತ್ತಿದ್ದೇನೆ.

ಮುಂಗಾರಿನ ಮೊದಲ ಮಳೆಗೆ ಹತ್ತುಮೀನುಗಳು ಮೊಟ್ಟೆಯಿಡಲು ಹಳ್ಳದಿಂದ ಗದ್ದೆಗೆ ಏರುತ್ತವೆ. ಹುಡುಗರು ಟಾರ್ಚ್ ಹಿಡಿದು, ಮೀನು ಹಿಡಿಯುವ ಕೂಳಿ ತೆಗೆದುಕೊಂಡು ಹೊರಡುತ್ತಾರೆ. ಬೆಳಗ್ಗೆ ಅದನ್ನು ಸಾರು ಮಾಡುವವಳು ನಾನೇ. ಬಸಿರಾದ ಮೀನನ್ನು ಈ ಮನೆಯ ಒಲೆಯ ಮೇಲೆ ಇಡುವುದಿಲ್ಲ ಎಂದು ಮೊನ್ನೆ ಹೇಳಿದೆ. ಮೈದುನನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದೀಪಾವಳಿಯ ಹೊತ್ತಿಗೆ ಹಿಡಿದರೆ?" ಎಂದು ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಪ್ರಶ್ನೆಯನ್ನು ಬರೆದುಕೊಂಡಿದ್ದೇನೆ. ಮಳೆಗೆ ಇನ್ನು ನಾಲ್ಕು ತಿಂಗಳಿದೆ.