ಆ ಸೊಟ್ಟ ಮನೆ ಯಾಕೆ ತಗೊಂಡ್ರಿ?

ಫೋನ್ ಮಾಡಿದಾಗಲೆಲ್ಲ ಚಿಕ್ಕಮ್ಮ ಕೇಳುತ್ತಾರೆ. ಲಂಡನ್ನಿನ ಗೆಳೆಯರು ಕೇಳುತ್ತಾರೆ. ಹೊಸದಾಗಿ ಇಂಗ್ಲೆಂಡಿಗೆ ಬಂದ ನಮ್ಮವರಂತೂ ಫೋಟೋ ನೋಡಿದ ಕೂಡಲೇ ಕೇಳುತ್ತಾರೆ. "ಅಲ್ಲಾ, ಆ ದುಡ್ಡಿಗೆ ಪೇಟೆಯಲ್ಲಿ ಹೊಸ ಮನೆಯೇ ಬರ್ತಿತ್ತು. ಹಳ್ಳಿಯಲ್ಲಿ ಆ ಸೊಟ್ಟ ಮನೆ ಯಾಕೆ ತಗೊಂಡ್ರಿ?" ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಅದೇ ಜನ ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ. "ಅಂಥದ್ದು ನಾವೂ ತಗೋಬಹುದಾ?"

ತಗೋಬಹುದು. ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಇಲ್ಲಿನ ಪೌರತ್ವ ಬೇಕಿಲ್ಲ. ವೀಸಾದ ಮೇಲಿರುವವರಿಗೆ ಸಾಲ ಕೊಡುವ ಬ್ಯಾಂಕು ಕಡಿಮೆ, ಷರತ್ತು ಜಾಸ್ತಿ, ಅಷ್ಟೇ. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ದುಡ್ಡು ನಿಮ್ಮದು, ಪತ್ರ ನಿಮ್ಮ ಹೆಸರಲ್ಲಿ, ಆದರೂ ಇಂಥ ಮನೆಯ ಪೂರ್ತಿ ಯಜಮಾನಿಕೆ ನಿಮಗೆ ಸಿಗೋದಿಲ್ಲ. ಅದಕ್ಕೆ ಒಪ್ಪುವವರು ಮಾತ್ರ ಮುಂದಕ್ಕೆ ಯೋಚಿಸಬೇಕು. ನನಗೆ ಅದು ಒಪ್ಪಿಗೆಯಾಯಿತು. ಮನೆ ರಿಪೇರಿ ಅಂದರೆ ನನಗೆ ಮೊದಲಿಂದಲೂ ಹುಚ್ಚು. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಅಷ್ಟೇ.

ನಾವಿರುವುದು ಸಫೋಕ್ ಕೌಂಟಿಯಲ್ಲಿ, ಲ್ಯಾವೆನಮ್‌ಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಲ್ಯಾವೆನಮ್ ಹೆಸರು ಕೇಳದಿದ್ದರೂ ಅದರ ಫೋಟೋ ನೀವು ಎಲ್ಲಾದರೂ ನೋಡಿರುತ್ತೀರಿ. ಓಕ್ ಮರದ ಕಂಬ, ತೊಲೆ, ಅವುಗಳ ನಡುವೆ ಹೆಣೆದ ತಟ್ಟಿಗೆ ಮಣ್ಣು ಮೆತ್ತಿ ಸುಣ್ಣ ಬಳಿದ ಗೋಡೆ. ಮೇಲಿನ ಮಹಡಿ ರಸ್ತೆಯ ಕಡೆಗೆ ಚಾಚಿಕೊಂಡಿರುತ್ತದೆ. ಒಂದು ಮನೆ ಎಡಕ್ಕೆ ವಾಲಿದರೆ ಪಕ್ಕದ್ದು ಬಲಕ್ಕೆ. 15ನೇ ಶತಮಾನದ ಕೊನೆಗೆ ಇದು ಇಂಗ್ಲೆಂಡಿನ ಅತಿ ಶ್ರೀಮಂತ ಊರುಗಳಲ್ಲಿ ಒಂದು. ಉಣ್ಣೆ ಬಟ್ಟೆಯ ವ್ಯಾಪಾರ, ಅದರಲ್ಲೂ ಇಲ್ಲಿನ ನೀಲಿ ಬಟ್ಟೆ ಬಹಳ ಹೆಸರುವಾಸಿ. ಆ ದುಡ್ಡಿನಲ್ಲೇ 141 ಅಡಿ ಎತ್ತರದ ಚರ್ಚಿನ ಗೋಪುರ ಎದ್ದಿತು, 1530ರ ಸುಮಾರಿಗೆ ಗಿಲ್ಡ್‌ಹಾಲ್, ಅಂದರೆ ಊರಿನ ಸಂಘದ ಸಭಾಭವನ, ಎದ್ದಿತು.

ಆಮೇಲೆ ಹಾಲೆಂಡಿನ ಕಡೆಯಿಂದ ವಲಸೆ ಬಂದ ನೇಕಾರರು ಹತ್ತಿರದ ಕಾಲ್ಚೆಸ್ಟರ್ ಪಟ್ಟಣದಲ್ಲಿ ಹಗುರ ಬಟ್ಟೆಯನ್ನು ಅಗ್ಗಕ್ಕೆ ನೇಯತೊಡಗಿದರು. ಲ್ಯಾವೆನಮ್ ಬಿತ್ತು. ಬೇರೆ ಊರಿನ ಸಾಹುಕಾರರು ಹಳೆ ಮನೆ ಕೆಡವಿ ಇಟ್ಟಿಗೆಯ ಮನೆ ಕಟ್ಟಿಸಿಕೊಂಡಾಗ ಇಲ್ಲಿಯವರ ಕೈಯಲ್ಲಿ ಕಾಸಿರಲಿಲ್ಲ. ಇದ್ದ ಮನೆಯಲ್ಲೇ ಉಳಿದರು. ಪ್ರವಾಸಿಗರು ಇವತ್ತು ಬಾಯಿ ಬಿಟ್ಟುಕೊಂಡು ನೋಡುವ ಚೆಂದವೆಲ್ಲ ನಿಜವಾಗಿ ಬಡತನ ಉಳಿಸಿಕೊಟ್ಟದ್ದು.

ಆಗ ಬಡತನ ಕಾದಿತ್ತು, ಈಗ ಕಾನೂನು ಕಾಯುತ್ತದೆ. ಲ್ಯಾವೆನಮ್ ಒಂದರಲ್ಲೇ 300ಕ್ಕೂ ಹೆಚ್ಚು 'ಲಿಸ್ಟೆಡ್' ಕಟ್ಟಡಗಳಿವೆ. ಲಿಸ್ಟೆಡ್ ಅಂದರೆ ಸರ್ಕಾರದ ಪಟ್ಟಿಗೆ ಸೇರಿದ್ದು. ನಮ್ಮದು ಗ್ರೇಡ್ ಟೂ, ಪಟ್ಟಿಯ ಕೆಳಗಿನ ಮೆಟ್ಟಿಲು. ದೇಶದ ಲಿಸ್ಟೆಡ್ ಕಟ್ಟಡಗಳಲ್ಲಿ ಹತ್ತಕ್ಕೆ ಒಂಬತ್ತು ಇದೇ ದರ್ಜೆಯವು. ಕೆಳಗಿನದು ಅಂತ ಸಡಿಲ ಏನಿಲ್ಲ. 'ಮುಂದಿನ ಗೋಡೆ ಮುಟ್ಟದಿದ್ದರೆ ಆಯ್ತು' ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಒಳಗಿನ ಮೆಟ್ಟಿಲು, ಬಾಗಿಲು, ಒಲೆಗೂಡು ಎಲ್ಲವೂ ಸೇರುತ್ತದೆ. 1948ರ ಜುಲೈಗೆ ಮುಂಚಿನಿಂದ ಹಿತ್ತಲಲ್ಲಿರುವ ಕೊಟ್ಟಿಗೆಯೂ ಸೇರಬಹುದು. ಅನುಮತಿಯಿಲ್ಲದೆ ಮನೆಯ ಸ್ವರೂಪ ಕೆಡಿಸಿದರೆ ಅದು 1990ರ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ.

ಒಂದು ಉದಾಹರಣೆ ಹೇಳಿದರೆ ಅರ್ಥವಾಗುತ್ತದೆ. ನಮ್ಮ ಅಡುಗೆಮನೆಯ ಸೂರು ತಗ್ಗು. ತಲೆಯ ಮೇಲೇ ಓಕ್ ತೊಲೆಗಳು. ಬೆಳಿಗ್ಗೆ ಇಂಗಿನ ಒಗ್ಗರಣೆ ಹಾಕಿದರೆ ಘಮ ಮೂರು ದಿನ ತೊಲೆಯಲ್ಲಿ ಕೂತಿರುತ್ತದೆ. ಒಣಮೆಣಸಿನಕಾಯಿ ಹುರಿದರೆ ಕೇಳಲೇಬೇಡಿ, ಮಹಡಿಯಲ್ಲಿದ್ದವರೂ ಕೆಮ್ಮುತ್ತಾ ಇಳಿದು ಬರುತ್ತಾರೆ. ಕಿಚನ್ ಚಿಮ್ನಿ ಹಾಕಿಸೋಣ ಅಂದರೆ ಅದರ ಪೈಪಿಗೆ ಗೋಡೆಯಲ್ಲಿ ತೂತು ಬೇಕು. ಬೆಂಗಳೂರಿನಲ್ಲಾದರೆ ಅರ್ಧ ಗಂಟೆಯ ಡ್ರಿಲ್ಲಿಂಗ್ ಕೆಲಸ. ಇಲ್ಲಿ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಅರ್ಜಿ, ನಕ್ಷೆ, ಫೋಟೋ. ಜೊತೆಗೆ ಆ ಗೋಡೆಯ ಮಹತ್ವವೇನು, ತೂತು ಕೊರೆದರೆ ಏನು ಹಾಳಾಗುತ್ತದೆ ಅಂತ ನಾವೇ ಬರೆದ ಟಿಪ್ಪಣಿ. ಅರ್ಜಿಗೆ ಶುಲ್ಕವಿಲ್ಲ ಅನ್ನೋದೊಂದೇ ಸಮಾಧಾನ. ಸಂರಕ್ಷಣಾ ಅಧಿಕಾರಿ ಬಂದರು. ತುಂಬಾ ಒಳ್ಳೆಯ ಹೆಂಗಸು. ಗೋಡೆಯನ್ನು ಕೈಯಿಂದ ಸವರಿ ನೋಡಿ, "ಈ ಮಣ್ಣಿನ ಗೋಡೆಗೆ ಬೇಡ" ಅಂದರು. ಹಿಂದೆ ಯಾರೋ 1960ರ ದಶಕದಲ್ಲಿ ಸೇರಿಸಿದ ಇಟ್ಟಿಗೆಯ ಭಾಗವೊಂದಿದೆ. ಅದನ್ನು ತೋರಿಸಿ, "ಅಲ್ಲಿ ಬೇಕಾದರೆ ಕೊರೆಯಿರಿ" ಅಂದರು. ಹಾಗಾಗಿ ನಮ್ಮ ಒಲೆ ಈಗ ಆ ಇಟ್ಟಿಗೆ ಗೋಡೆಗೆ ಹೋಗಿದೆ. ಒಂದು ತೂತಿಗಾಗಿ ಇಡೀ ಅಡುಗೆಮನೆ ತಿರುಗಿ ನಿಂತಿತು. ನನ್ನ ಹೆಂಡತಿ ಇದನ್ನು ಇನ್ನೂ ಕ್ಷಮಿಸಿಲ್ಲ. ನನಗೆ ಮಾತ್ರ ಆ ಅಧಿಕಾರಿ ಹೇಳಿದ್ದು ಸರಿ ಅನ್ನಿಸಿತು.

ಕಿಟಕಿಗೂ ಇದೇ ಕತೆ. ಡಬಲ್ ಗ್ಲೇಜಿಂಗ್‌ಗೆ, ಅಂದರೆ ಎರಡು ಪದರದ ಗಾಜಿಗೆ, ಸಾಮಾನ್ಯವಾಗಿ ಒಪ್ಪೋದಿಲ್ಲ, ಒಳಗಡೆ ಇನ್ನೊಂದು ಗಾಜಿನ ಚೌಕಟ್ಟು ಹಾಕಿಕೊಳ್ಳಬೇಕು. ಊರಿನ ಹಳೆಯ ಸ್ವರೂಪ ಕಾಯಲು ಗುರುತಿಸಿದ ಸಂರಕ್ಷಿತ ಪ್ರದೇಶವಾದರೆ ಹಿತ್ತಲಿನ ಮರ ಕಡಿಯಲೂ ಆರು ವಾರ ಮೊದಲೇ ತಿಳಿಸಬೇಕು. ಅಟ್ಟದಲ್ಲಿ ಬಾವಲಿ ಇದ್ದರೆ ಅದನ್ನು ಓಡಿಸೋಹಾಗಿಲ್ಲ, ಅದಕ್ಕೆ ಬೇರೆಯದೇ ಕಾನೂನು.

ಸರಿ, ಮನೆ ನೋಡಲು ಹೋದಾಗ ಏನು ನೋಡಬೇಕು? ಎಲ್ಲರೂ ವಾಲಿದ ಗೋಡೆ ನೋಡಿ ಹೆದರುತ್ತಾರೆ. ಐನೂರು ವರ್ಷದ ಹಿಂದೆ ಹಸಿ ಓಕ್‌ನಲ್ಲೇ ಕಟ್ಟುತ್ತಿದ್ದರು. ಅದು ಒಣಗುತ್ತಾ ಬಾಗಿ ತನ್ನ ಜಾಗ ಹುಡುಕಿಕೊಂಡಿದೆ. ಬಾಗು ಹಳೆಯದಾದರೆ ಹೆದರಬೇಕಿಲ್ಲ. ಹೆದರಬೇಕಾದದ್ದು ಸಿಮೆಂಟಿಗೆ. ಸುಣ್ಣದ ಗಾರೆ ತೇವ ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. 20ನೇ ಶತಮಾನದಲ್ಲಿ ಗಟ್ಟಿಯಾಗಲಿ ಅಂತ ಎಷ್ಟೋ ಮನೆಗಳಿಗೆ ಸಿಮೆಂಟ್ ಬಳಿದರು. ಅದರಲ್ಲಿ ಬಿರುಕು ಬಿಟ್ಟಾಗ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿಯಿಲ್ಲ. ಒಳಗಿನ ಮರ ಲಡ್ಡು ಹಿಡಿಯುತ್ತದೆ. ನಾವು ನೋಡಿ ಬಿಟ್ಟ ಒಂದು ಮನೆ ಹೊರಗಿನಿಂದ ತಿಳಿಗುಲಾಬಿ ಬಣ್ಣ ಹೊಡೆದುಕೊಂಡು ಮದುಮಗಳ ಹಾಗಿತ್ತು. ಮನೆ ತಪಾಸಣೆಗೆ ಕರೆದಿದ್ದ ಸರ್ವೇಯರ್ ಮಂಡಿಯೂರಿ ಕೂತು, ನೆಲದ ಹತ್ತಿರ ಸಿಮೆಂಟ್ ಉದುರಿದ ಕಡೆ ಅಡಿತೊಲೆಗೆ ಜೇಬಿನ ಚಾಕು ಒತ್ತಿದರು. ಹಿಡಿಯವರೆಗೂ ಇಳಿಯಿತು. ಚಾಕು ಒರೆಸಿ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಅದಕ್ಕೇ ಹೇಳೋದು, ಪೂರ್ತಿ ತಪಾಸಣೆಗೆ, ಅಂದರೆ ಲೆವೆಲ್ 3 ಸರ್ವೆಗೆ, ಹಳೆ ಮನೆ ಬಲ್ಲ ಸರ್ವೇಯರನ್ನೇ ಹಿಡಿಯಿರಿ. ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಕೊಳ್ಳುವ ಕ್ರಮ ನಮ್ಮವರಿಗೆ ವಿಚಿತ್ರ ಅನ್ನಿಸುತ್ತದೆ. ಟೋಕನ್ ಅಡ್ವಾನ್ಸ್ ಅಂತ ಇಲ್ಲ. ಬೆಲೆ ಒಪ್ಪಿ ಕೈ ಕುಲುಕಿದರೂ ಕರಾರು ಪತ್ರಗಳ ವಿನಿಮಯ ಆಗುವ ತನಕ ಯಾರಿಗೂ ಕಟ್ಟುಪಾಡಿಲ್ಲ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಇನ್ನೊಬ್ಬರು ಜಾಸ್ತಿ ಕೊಡ್ತೀನಿ ಅಂದರೆ ಮಾರುವವರು ಆ ಕಡೆ ವಾಲಬಹುದು, ನೀವು ಸರ್ವೆಗೂ ವಕೀಲರಿಗೂ ಕೊಟ್ಟದ್ದು ಹೋಯ್ತು. ವಿನಿಮಯದ ದಿನ ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಕಟ್ಟುತ್ತೀರಿ, ಆಮೇಲೆ ಯಾರು ಹಿಂದೆ ಸರಿದರೂ ನಷ್ಟ ಅವರದು.

ವಕೀಲರು ಚರ್ಚಿನ ಬಗ್ಗೆ ಒಂದು ಕಾಗದ ಮುಂದಿಟ್ಟರೆ ನಗಬೇಡಿ. ಕೆಲವು ಹಳೆ ಜಮೀನುಗಳಿಗೆ ಊರ ಚರ್ಚಿನ ಗರ್ಭಗುಡಿಯಂಥ ಭಾಗವನ್ನು ದುರಸ್ತಿ ಮಾಡಿಸುವ ಹೊಣೆ ಮಧ್ಯಯುಗದಿಂದ ಅಂಟಿಕೊಂಡು ಬಂದಿದೆ. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೊದ ಒಂದು ದಂಪತಿ 2003ರಲ್ಲಿ ಆಗಿನ ಅತಿ ಮೇಲಿನ ನ್ಯಾಯಾಲಯವಾದ ಲಾರ್ಡ್ಸ್ ಸಭೆಯವರೆಗೆ ಹೋಗಿ ಸೋತರು, ಲಕ್ಷ ಪೌಂಡ್ ದಾಟಿದ ಬಿಲ್ ಅವರ ತಲೆಗೆ ಬಂತು. 2013ರ ಅಕ್ಟೋಬರ್‌ನಿಂದ ಇಂಥ ಹೊಣೆ ನೋಂದಣಿಯಾಗಿರದಿದ್ದರೆ ಹೊಸದಾಗಿ ಕೊಂಡವರಿಗೆ ತಟ್ಟೋದಿಲ್ಲ. ಆದರೂ ನೋಡಿಸಿ.

ಹಿಂದಿನವರು ಮಾಡಿಸಿದ ಕೆಲಸಗಳ ಅನುಮತಿ ಪತ್ರ ಕೇಳಿ. ಅನುಮತಿಯಿಲ್ಲದೆ ಕೆಡವಿದ ಗೋಡೆಗೆ ಕಾಲಮಿತಿ ಇಲ್ಲ. ಅಪರಾಧ ಕೆಡವಿದವರದ್ದೇ ಆದರೂ, ಮೊದಲಿನಂತೆ ಕಟ್ಟಿಸು ಅನ್ನುವ ನೋಟಿಸ್ ನಿಮಗೆ ಬರಬಹುದು. ನನ್ನನ್ನು ಕೆರಳಿಸುವ ಇನ್ನೊಂದು ಸಂಗತಿ ಇದೆ. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೆ ಮನೆಯ ರಿಪೇರಿಗೆ 20 ಪರ್ಸೆಂಟ್. ಉಳಿಸಿ ಅನ್ನುವ ಸರ್ಕಾರವೇ ಉಳಿಸುವವರ ಜೇಬಿಗೆ ಕೈ ಹಾಕುತ್ತದೆ, ಅಲ್ವಾ?

ದಿನದ ಬದುಕಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ನಮ್ಮ ಹಳ್ಳಿಗೆ ಗ್ಯಾಸ್ ಪೈಪ್ ಬಂದಿಲ್ಲ. ಟ್ಯಾಂಕರಿನವನು ಬಂದು ಮನೆ ಬೆಚ್ಚಗಿಡುವ ಎಣ್ಣೆ ತುಂಬಿಸಿ ಹೋಗುತ್ತಾನೆ, ಚಳಿಗಾಲದ ಆ ಬಿಲ್ ನೋಡಿದರೆ ಬೆವರು ಬರುತ್ತದೆ. ಚರಂಡಿ ಸಂಪರ್ಕವಿಲ್ಲ, ಸೆಪ್ಟಿಕ್ ಟ್ಯಾಂಕ್. ಅದರ ನೀರು ನೇರ ಹಳ್ಳಕ್ಕೆ ಹೋಗುತ್ತಿದ್ದರೆ 2020ರಿಂದ ನಿಯಮಕ್ಕೆ ವಿರುದ್ಧ, ಕೊಳ್ಳುವ ಮೊದಲೇ ವಿಚಾರಿಸಿ. ಸಂಜೆಯ ಮೇಲೆ ಬಸ್ಸಿಲ್ಲ. ಲ್ಯಾವೆನಮ್‌ಗೆ ಇದ್ದ ರೈಲೂ 1960ರ ದಶಕದಲ್ಲಿ ನಿಂತುಹೋಯಿತು, ಈಗ ಸಡ್ಬರಿಗೆ ಕಾರಲ್ಲಿ ಹೋಗಿ ಹತ್ತಬೇಕು. ಕರಿಬೇವು ಬೇಕೆಂದರೆ ಇಪ್ಸ್‌ವಿಚ್. ಜನ? ಮೊದಮೊದಲು ಹವಾಮಾನ ಬಿಟ್ಟು ಬೇರೆ ಮಾತಿಲ್ಲ. ಊರ ಹಾಲ್‌ನ ಚಹಾ ಪಾತ್ರೆ ತೊಳೆಯಲು ನಿಂತ ಮೇಲೆ ಎಲ್ಲ ಸರಿಹೋಯಿತು. ನಮ್ಮ ಮದ್ದೂರು ವಡೆಗೆ ಈಗ ಮುಂಗಡ ಬೇಡಿಕೆ ಇದೆ.

ಇನ್ನು ಎಲ್ಲ ಚೆಂದದ ಹಳ್ಳಿಯಲ್ಲೂ ಮನೆ ಮಾರಾಟಕ್ಕೆ ಸಿಗೋದಿಲ್ಲ. ವಿಲ್ಟ್‌ಶೈರ್‌ನ ಲೇಕಾಕ್ ಬಹುಪಾಲು ಹಳೆ ಕಟ್ಟಡಗಳನ್ನು ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನದು, 1944ರಲ್ಲಿ ಊರಿನ ಒಡತಿ ಮಟಿಲ್ಡಾ ಟಾಲ್ಬಟ್ ಊರಿಗೆ ಊರೇ ಬಿಟ್ಟುಕೊಟ್ಟರು. ಅಲ್ಲಿ ಬಾಡಿಗೆಗೆ ಇರಬಹುದು. ನನ್ನ ಮಟ್ಟಿಗೆ ಎಲ್ಲಾದರೂ ಸರಿ, ಮೊದಲು ಒಂದು ಚಳಿಗಾಲ ಬಾಡಿಗೆಗಿದ್ದು ಆಮೇಲೆ ಕೊಳ್ಳುವುದೇ ವಾಸಿ.

ಅದು ಆಗದಿದ್ದರೆ ಕೊನೇ ಪಕ್ಷ ಫೆಬ್ರವರಿಯಲ್ಲಿ, ಮಳೆ ಹಿಡಿದ ಒಂದು ಮಂಗಳವಾರ ಸಂಜೆ ಊರು ನೋಡಲು ಹೋಗಿ. ಜೂನ್‌ನಲ್ಲಿ ಗುಲಾಬಿ ಬಳ್ಳಿ ಎಲ್ಲವನ್ನೂ ಮುಚ್ಚಿಡುತ್ತದೆ. ಮಳೆಯಲ್ಲಾದರೆ ಗೋಡೆಯ ಪಾಚಿ ವಾಸನೆ ಬಾಗಿಲಲ್ಲೇ ಸಿಗುತ್ತದೆ, ಸೂರಿನಂಚಿನ ಮಳೆನೀರಿನ ದೋಣಿ ಸೋರುವುದು ಕಣ್ಣಿಗೆ ಬೀಳುತ್ತದೆ. ಆರು ಗಂಟೆಗೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ನೋಡಿ. ಕತ್ತಲೆಯ ಮನೆಗಳು ಬಹುತೇಕ ಲಂಡನ್ನಿನವರ ವಾರಾಂತ್ಯದ ಮನೆಗಳು. ಅರ್ಧಕ್ಕರ್ಧ ಕತ್ತಲೆಯಿದ್ದರೆ ಆ ಊರಿನ ಅಂಗಡಿ, ಪಬ್ಬು, ಶಾಲೆ ಇನ್ನೆಷ್ಟು ವರ್ಷ ನಡೆಯುತ್ತವೆ ಅಂತ ಪಬ್ಬಿನಲ್ಲೇ ಕೂತು ಕೇಳಿ. ಮನೆ ಮಾರುವ ಏಜೆಂಟರನ್ನು ಕೇಳಬೇಡಿ.