ಜೂನ್‌ನಲ್ಲಿ ಕಾಣದ ಆರಿದ್ರಾ

'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಅಂತ ಊರಲ್ಲಿ ಮಳೆ ಲೆಕ್ಕ ಹಾಕುವ ನಕ್ಷತ್ರ ಜೂನ್‌ನಲ್ಲಿ ಕಾಣುವುದೇ ಇಲ್ಲ, ಸೂರ್ಯನ ದಿಕ್ಕಿನಲ್ಲೇ ಇರುತ್ತದೆ. ಮುಂಬೈ ಬೆಳಕಲ್ಲೂ ಸಿಗುವುದು ಜನವರಿಯಲ್ಲಿ: ರಾತ್ರಿ ಎಂಟೂವರೆಗೆ ಮಾಟುಂಗಾದ ತಾರಸಿ ಹತ್ತಿ ಪೂರ್ವಕ್ಕೆ ನೋಡಿ, ಸಾಲಾಗಿರುವ ಮೂರು ಚುಕ್ಕಿಗಳ ಎಡಕ್ಕೆ, ಕೆಂಪಗೆ.

ನಮ್ಮ ಸೂರ್ಯನಿಗೆ 460 ಕೋಟಿ ವರ್ಷ, ಇನ್ನೂ ನಡುವಯಸ್ಸು. ಆರಿದ್ರಾಗೆ ಒಂದು ಕೋಟಿಯ ಆಸುಪಾಸು, ಆಗಲೇ ಮುಪ್ಪು! ತೂಕ ಹೆಚ್ಚಿದ್ದಷ್ಟೂ ಒಲೆ ಬಿರುಸು. ತಿರುಳಿನ ಹೈಡ್ರೋಜನ್ ಖಾಲಿ, ಈಗ ಉರಿಯುತ್ತಿರುವುದು ಹೀಲಿಯಂ. ಆಮೇಲೆ ಕಾರ್ಬನ್, ನಿಯಾನ್, ಆಕ್ಸಿಜನ್. ಸಿಲಿಕಾನ್ ಉರಿಯುವುದು ಕೆಲವೇ ದಿನ. ಕೊನೆಗೆ ಉಳಿಯುವ ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟದು. ಆ ಕಬ್ಬಿಣ ಸುಮಾರು 1.4 ಸೂರ್ಯರ ತೂಕದಷ್ಟಾದರೆ ಸೆಕೆಂಡಿನೊಳಗೆ ಕುಸಿತ, ಸ್ಫೋಟ.

2019ರ ಕೊನೆಗೆ ಮಂಕಾದಾಗ 'ಈಗ ಸಿಡಿಯುತ್ತೆ' ಅಂತ ಗುಲ್ಲೆದ್ದಿತ್ತು. ಆದರೆ ಅಡ್ಡ ಬಂದು ಮಂಕಾಗಿಸಿದ್ದು ಆ ನಕ್ಷತ್ರ ತಾನೇ ಉಗುಳಿದ ಧೂಳು.